ರಕ್ತಪಾಯಿಯ ವೇಷ: ಒಂದು ಪಾತ್ರಕ್ರೀಡೆಯ ವಂಶವಿಚಾರ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಕ್ರಿ. ಶ. ೧೯೯೧ರಲ್ಲಿ ವೈಟ್ ವುಲ್ಫ್ ಎಂಬ ಪ್ರಕಾಶನಸಂಸ್ಥೆಯಿಂದ ‘ವ್ಯಾಂಪೈರ್: ದಿ ಮಾಸ್ಕರೇಡ್’ ಎಂಬ ಕ್ರೀಡಾಗ್ರಂಥವೊಂದು ಹೊರಬಂದಿತು. ಇದರ ಮುಖ್ಯ ನಿರ್ಮಾತೃಗಳು ಮಾರ್ಕ್ ರೈನ್‌ಹೇಗನ್ ಎಂಬವರು. ಇಪ್ಪತ್ತು ವರ್ಷಗಳು ತುಂಬಿದ ಸ್ಮರಣೆಗಾಗಿ ೨೦೧೧ರಲ್ಲಿ ಇದರ ವಿಂಶತಿವಾರ್ಷಿಕ ಸಂಪುಟವು ಐನೂರಕ್ಕೆ ಮೇಲ್ಪಟ್ಟ ಪುಟಗಳಲ್ಲಿ ಪ್ರಕಟವಾಯಿತು. ಈ ಸಂಪುಟವು ಹೊಸ ಶಾಸ್ತ್ರವನ್ನೇನೂ ಪ್ರತಿಪಾದಿಸುವುದಿಲ್ಲ. ಬಿಡಿಬಿಡಿಯಾಗಿ ಹಲವು ಪುಸ್ತಕಗಳಲ್ಲಿ ಹರಡಿಕೊಂಡಿದ್ದ ಕುಲಗಳು, ಶಾಖೆಗಳು, ನಿಯಮಗಳು ಎಲ್ಲವನ್ನೂ ಒಂದೆಡೆ ಕೂಡಿಸಿ ಪಾಠವನ್ನು ಶೋಧಿಸಿಕೊಟ್ಟಿದೆ. ನಮ್ಮಲ್ಲಿ ‘ಸರ್ವಸ್ವ’ವೆಂದೂ ‘ಸಂಗ್ರಹ’ವೆಂದೂ ಹೆಸರಿಟ್ಟುಕೊಂಡ ಗ್ರಂಥಗಳ ಜಾತಿಗೆ ಇದು ಸೇರತಕ್ಕದ್ದು.

ವಿದ್ವತ್ಪತ್ರಿಕೆಯೊಂದರಲ್ಲಿ ಪರದೇಶದ ಆಟದ ಪುಸ್ತಕದ ಮಾತೇಕೆಂದು ಕೆಲವರಿಗೆ ತೋರಬಹುದು. ಆದರೆ ಈ ಕ್ರೀಡೆಯ ವಂಶವನ್ನು ಹಿಂದುಹಿಂದಕ್ಕೆ ಹುಡುಕುತ್ತ ಹೋದರೆ ಅದು ಭಾರತವರ್ಷಕ್ಕೇ ಬಂದು ನಿಲ್ಲುತ್ತದೆ. ಅದು ಎತ್ತುವ ಪ್ರಶ್ನೆಯಾದರೋ ನಮ್ಮ ಆಲಂಕಾರಿಕರು ಸಾವಿರ ವರ್ಷಗಳ ಹಿಂದೆಯೇ ಎತ್ತಿದ ಪ್ರಶ್ನೆ. ಆ ಪ್ರಶ್ನೆಗೆ ಸಂಬಂಧಿಸಿದ ಸಾಕ್ಷ್ಯಗಳು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲಿ ವಿಶೇಷವಾಗಿ ದೊರೆಯುತ್ತವೆ.

ಮೊದಲು ಕ್ರೀಡೆಯ ಸ್ವರೂಪವನ್ನು ಹೇಳಬೇಕು. ಇದಕ್ಕೆ ಹಾಸೂ ಇಲ್ಲ, ಕಾಯಿಗಳೂ ಇಲ್ಲ. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಅವರಲ್ಲಿ ಒಬ್ಬನು ಕಥಕ. ಉಳಿದವರಲ್ಲಿ ಒಬ್ಬೊಬ್ಬನೂ ಒಂದೊಂದು ರಕ್ತಪಾಯಿಯ ಪಾತ್ರವನ್ನು ವಹಿಸುತ್ತಾನೆ; ಎಂದರೆ ಸತ್ತೂ ಸಾಯದೆ, ಹಗಲಿಗೆ ಅಂಜಿ, ಇರುಳಿನಲ್ಲಿ ಮನುಷ್ಯರ ನೆತ್ತರನ್ನು ಕುಡಿದು ಬಾಳುವ ಒಂದು ವ್ಯಕ್ತಿಯಾಗುತ್ತಾನೆ. ಕಥಕನು ಸನ್ನಿವೇಶವನ್ನು ಹೇಳುತ್ತಾನೆ. ಆಟಗಾರನು ‘ಇಂಥದನ್ನು ಮಾಡುತ್ತೇನೆ’ ಎನ್ನುತ್ತಾನೆ. ಫಲವು ಸಂದಿಗ್ಧವಾದಲ್ಲಿ ಹತ್ತು ಮುಖಗಳುಳ್ಳ ದಾಳಗಳನ್ನು, ಪಾತ್ರದ ಸಾಮರ್ಥ್ಯವೆಷ್ಟೋ ಅಷ್ಟು ಸಂಖ್ಯೆಯಲ್ಲಿ, ಎಸೆದು ನಿರ್ಣಯಿಸುತ್ತಾರೆ. ರಕ್ತಪಾಯಿಗಳು ತಮ್ಮ ಇರವನ್ನು ಮನುಷ್ಯರಿಂದ ಮರೆಮಾಡಿಕೊಂಡಿರಬೇಕೆಂಬುದು ಅವರೊಳಗಿನ ಪರಮನಿಯಮ. ಹೆಸರಿನಲ್ಲಿರುವ ‘ಮಾಸ್ಕರೇಡ್’ ಎಂದರೆ ಇದೇ ವೇಷಗೋಪನ.

ಇಷ್ಟೇ ಆಗಿದ್ದರೆ ಇದು ವಿಚಾರಾರ್ಹವಾಗುತ್ತಿರಲಿಲ್ಲ. ಪ್ರತಿಯೊಂದು ಪಾತ್ರಕ್ಕೂ ‘ಮನುಷ್ಯತ್ವ’ವೆಂಬ ಒಂದು ಅಳತೆಯುಂಟು, ಅದು ಹತ್ತರಿಂದ ಸೊನ್ನೆಯವರೆಗೆ ಇಳಿಯತಕ್ಕದ್ದು. ಪಾತ್ರವು ಕ್ರೂರಕರ್ಮವನ್ನು ಮಾಡಿದಾಗ ದಾಳಗಳನ್ನು ಎಸೆಯುತ್ತಾರೆ. ಪಶ್ಚಾತ್ತಾಪವು ಗೆಲ್ಲದಿದ್ದರೆ ಒಂದು ಮೆಟ್ಟಿಲು ಇಳಿಯುತ್ತದೆ. ಸೊನ್ನೆಗೆ ಮುಟ್ಟಿದ ಕೂಡಲೇ ಆ ಪಾತ್ರವು ಆಟಗಾರನ ಕೈಬಿಡುತ್ತದೆ. ಅದು ಬರಿಯ ಮೃಗವಾಗಿ ಕಥಕನ ವಶಕ್ಕೆ ಹೋಗುತ್ತದೆ. ಚದುರಂಗದಲ್ಲಿ ಕಾಯಿ ಸತ್ತರೆ ಎದುರಾಳಿಯು ಹೊಡೆದನೆಂದು ಅರ್ಥ. ಇಲ್ಲಿ ಆಟಗಾರನು ತನ್ನನ್ನು ತಾನೇ ಸೋಲುತ್ತಾನೆ.

ಇದರ ವಂಶವೃಕ್ಷವು ಸ್ವಾರಸ್ಯಕರವಾದುದು. ಬಾಣಭಟ್ಟನ ಹರ್ಷಚರಿತದಲ್ಲಿ, ಎಂದರೆ ಕ್ರಿ. ಶ. ೭ನೆಯ ಶತಮಾನದಲ್ಲಿ, ಚತುರಂಗದ ಉಲ್ಲೇಖವು ಶ್ಲೇಷರೂಪವಾಗಿ ಬರುತ್ತದೆ: ಹರ್ಷನ ರಾಜ್ಯದಲ್ಲಿ ನಾಲ್ಕು ಅಂಗಗಳ ಛೇದನೆಯು ಮನುಷ್ಯರಿಗೆ ಶಿಕ್ಷೆಯಾಗಿ ಇರಲಿಲ್ಲ, ನಾಲ್ಕು ಅಂಗಗಳ ಏರ್ಪಾಡು ಆಟದ ಮಣೆಯ ಮೇಲೆ ಮಾತ್ರ ಇತ್ತು ಎಂಬುದು ತಾತ್ಪರ್ಯ. ಈ ಆಟವು ಪಾರಸಿಕ ದೇಶಕ್ಕೂ, ಅಲ್ಲಿಂದ ಅರಬರ ಮೂಲಕ ಯೂರೋಪಿಗೂ ಹೋದುದು ಪ್ರಸಿದ್ಧವೇ ಆಗಿದೆ. ೧೭೮೦ರಲ್ಲಿ ಬ್ರೌನ್‌ಷ್ವೈಗ್ ಸಂಸ್ಥಾನದ ಹೆಲ್ವಿಗ್ ಎಂಬ ಉಪಾಧ್ಯಾಯನು ಚದುರಂಗವನ್ನೇ ಹಿಗ್ಗಿಸಿ, ೧೬೬೬ ಮನೆಗಳುಳ್ಳ ಹಾಸಿನ ಮೇಲೆ ಬೆಟ್ಟ, ಹೊಳೆ, ಊರುಗಳನ್ನು ತೋರಿಸಿ ಒಂದು ಯುದ್ಧಕ್ರೀಡೆಯನ್ನು ರಚಿಸಿದನು. ತರುವಾಯ ಪ್ರಷ್ಯಾದಲ್ಲಿ ರೈಸ್‌ವಿಟ್ಸ್ ವಂಶದ ತಂದೆಯು ೧೮೧೨ರಲ್ಲಿ ತೋರಿಸಿದ ಆಟವನ್ನು ಮಗನು ೧೮೨೪ರಲ್ಲಿ ತಿದ್ದಿ, ಮನೆಗಳನ್ನು ಬಿಟ್ಟು ನಿಜವಾದ ಭೂಪಟವನ್ನು ಹಾಸಿ, ಸೇನಾಧಿಕಾರಿಗಳ ಶಿಕ್ಷಣಕ್ಕೆ ಒದಗಿಸಿದನು. ಅವನು ಮಾಡಿದ ಮುಖ್ಯವಾದ ಮಾರ್ಪಾಡೆಂದರೆ ಇಬ್ಬರು ಆಟಗಾರರ ನಡುವೆ ಮಧ್ಯಸ್ಥನೊಬ್ಬನನ್ನು ಕೂಡಿಸಿದುದು. ಈ ಮಧ್ಯಸ್ಥನೇ ಮುಂದೆ ಕಥಕನಾದವನು.

ಕೊನೆಯ ಹೆಜ್ಜೆಯನ್ನು ಇಟ್ಟವರು ಅಮೆರಿಕದವರು. ಅಲ್ಲಿ ಡೇವ್ ಆರ್ನೆಸನ್ ಎಂಬಾತನು ಸೇನೆಯ ಬದಲು ಒಬ್ಬೊಬ್ಬ ಆಟಗಾರನಿಗೆ ಒಬ್ಬೊಬ್ಬ ವ್ಯಕ್ತಿಯನ್ನೇ ವಹಿಸಿಕೊಟ್ಟನು. ಗ್ಯಾರಿ ಗೈಗ್ಯಾಕ್ಸ್ ಎಂಬಾತನೊಡನೆ ಸೇರಿ ೧೯೭೪ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ಪಾತ್ರಕ್ರೀಡೆಗಳಿಗೆಲ್ಲ ಇದು ಮೂಲಗ್ರಂಥ. ಇದು ಅಚ್ಚಾಗುವ ಮೊದಲೇ ಆರ್ನೆಸನ್ನನ ಆಟದಲ್ಲಿ ಒಬ್ಬನು ‘ಸರ್ ಫ್ಯಾಂಗ್’ ಎಂಬ ರಕ್ತಪಾಯಿಯ ಪಾತ್ರವನ್ನು ಆಡುತ್ತಿದ್ದನೆಂದೂ, ಅವನ ಬಲವನ್ನು ತಗ್ಗಿಸುವುದಕ್ಕಾಗಿಯೇ ಪುರೋಹಿತನ ಪಾತ್ರವನ್ನು ಕಲ್ಪಿಸಿದರೆಂದೂ ಆ ವೃತ್ತಾಂತವನ್ನು ಬರೆದವರು ಹೇಳುತ್ತಾರೆ. ಹೀಗೆ ಪಾತ್ರಕ್ರೀಡೆಯ ಹುಟ್ಟಿನಲ್ಲೇ ರಕ್ತಪಾಯಿಯಿದ್ದಾನೆ. ಒಟ್ಟಿನಲ್ಲಿ ಹೇಳುವುದಾದರೆ, ಬಾಣನ ಕಾಲದ ಪದಾತಿಯು ಸಾವಿರದ ಮುನ್ನೂರು ವರ್ಷ ನಡೆದು ಹಾಸಿನಿಂದ ಇಳಿದು ಆಟಗಾರನ ಕುರ್ಚಿಯಲ್ಲೇ ಕುಳಿತುಬಿಟ್ಟಿದ್ದಾನೆ.

ಕನ್ನಡ ದೇಶವು ಈ ಅಂಗಗಳನ್ನು ಅರಿಯದೆ ಇರಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಸುಮಾರು ೧೧೩೦ರಲ್ಲಿ ರಚಿಸಿದ ಮಾನಸೋಲ್ಲಾಸದ ಐದು ವಿಂಶತಿಗಳಲ್ಲಿ ಒಂದು ಕ್ರೀಡಾವಿಂಶತಿ. ಅಲ್ಲಿ ಪ್ರಹೇಲಿಕೆ, ಚತುರಂಗ, ಪಾಶಕ ಎಂಬ ಮೂರೂ ಬೇರೆಬೇರೆ ಕ್ರೀಡೆಗಳಾಗಿ ನಿರೂಪಿತವಾಗಿವೆ. ಮಾತಿನ ಗಂಟನ್ನು ಬಿಡಿಸುವುದು ಒಂದು, ಬಲಾಬಲಗಳನ್ನು ತೂಗಿ ನಡೆಸುವುದು ಒಂದು, ದೈವವನ್ನು ದಾಳದಲ್ಲಿ ನೋಡುವುದು ಒಂದು. ಪ್ರಕೃತ ಕ್ರೀಡೆಯು ಈ ಮೂರನ್ನೂ ಒಂದೇ ಮೇಜಿಗೆ ತಂದಿದೆ. ಶ್ರೀರಂಗಪಟ್ಟಣದಲ್ಲಿ ೧೭೯೪ರಲ್ಲಿ ಹುಟ್ಟಿದ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಒಂಬತ್ತನೆಯದಾದ ಕೌತುಕನಿಧಿಯನ್ನು ಆಟಗಳಿಗೆಂದೇ ಮೀಸಲಾಗಿಟ್ಟರು. ಚದುರಂಗದ ಕುದುರೆಯನ್ನು ಮಣೆಯ ಎಲ್ಲ ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದರು. ದೇವತೆಗಳ ಹೆಸರಿನ ಎಲೆಯಾಟಗಳನ್ನು ಕಲ್ಪಿಸಿದರು. ರಾಜ್ಯಾಧಿಕಾರವು ೧೮೩೧ರಲ್ಲಿ ಕೈತಪ್ಪಿ ಹೋದಮೇಲೂ ಆ ದೊರೆಯ ಬುದ್ಧಿಯು ಮಣೆಯ ಮೇಲೆ ಆಳುತ್ತಲೇ ಇತ್ತು. ಅವರ ಎಲೆಗಳಲ್ಲಿ ದೇವತೆಗಳಿದ್ದಾರೆ; ಆದರೆ ಆಡುವವನು ದೇವತೆಯಾಗುವುದಿಲ್ಲ. ಅಲ್ಲಿಯವರೆಗೆ ಆಟವೂ ವೇಷವೂ ಬೇರೆಬೇರೆಯಾಗಿಯೇ ಉಳಿದವು.

ಇನ್ನು ಹೆಸರಿನ ವಿಚಾರ. ‘ವ್ಯಾಂಪೈರ್’ ಎಂಬುದನ್ನು ಬೇತಾಳವೆಂದು ಕನ್ನಡಿಸುವ ರೂಢಿಯು ಸಾಧುವಲ್ಲ. ಆ ಪದವು ಸ್ಲಾವ್ ಜನರ ಭಾಷೆಗಳಿಂದ ೧೭೩೦ರ ದಶಕದಲ್ಲಿ ಇಂಗ್ಲಿಷಿಗೆ ಬಂದಿತು. ಪಾಲಿಡೋರಿಯ ೧೮೧೯ರ ಕಥೆಯಿಂದಲೂ ಬ್ರಾಮ್ ಸ್ಟೋಕರನ ೧೮೯೭ರ ‘ಡ್ರಾಕ್ಯುಲ’ದಿಂದಲೂ ಅದರ ಮೂರ್ತಿಯು ಸ್ಥಿರಪಟ್ಟಿತು. ಗೊಂದಲವನ್ನು ಹುಟ್ಟಿಸಿದವನು ರಿಚರ್ಡ್ ಬರ್ಟನ್. ಅವನು ೧೮೭೦ರಲ್ಲಿ ಬೇತಾಳಪಂಚವಿಂಶತಿಯ ಕಥೆಗಳನ್ನು ಸ್ವಚ್ಛಂದವಾಗಿ ಇಂಗ್ಲಿಷಿಗೆ ತಿರುಗಿಸಿ ‘ವಿಕ್ರಮ್ ಅಂಡ್ ದಿ ವ್ಯಾಂಪೈರ್’ ಎಂದು ಹೆಸರಿಟ್ಟನು. ಓದುವವರಿಗೆ ರುಚಿಸಲೆಂದು ಇಟ್ಟ ಹೆಸರು ನಿಘಂಟುಗಳಲ್ಲಿ ನಿಂತುಹೋಯಿತು.

ಸೋಮದೇವನ ಕಥಾಸರಿತ್ಸಾಗರದ ಬೇತಾಳನು ನೆತ್ತರನ್ನು ಹೀರುವವನಲ್ಲ; ಹೆಣದಲ್ಲಿ ಹೊಕ್ಕು ಮಾತಾಡುವವನು. ಮೌನವಾಗಿ ಹೊತ್ತುತರಬೇಕಾದ ರಾಜನಿಗೆ ಅವನು ಕಥೆಯನ್ನು ಹೇಳಿ, ಕೊನೆಯಲ್ಲಿ ಒಂದು ಪ್ರಶ್ನೆಯನ್ನು ಹಾಕುತ್ತಾನೆ. ಉತ್ತರ ತಿಳಿದೂ ಹೇಳದಿದ್ದರೆ ತಲೆ ಸಿಡಿಯುವುದು; ಹೇಳಿದರೆ ಮೌನ ಮುರಿದು ಹೆಣವು ಮರಕ್ಕೆ ಹಾರುವುದು. ಕೊನೆಯ ಪ್ರಶ್ನೆಗೆ ಉತ್ತರವು ನಿಜವಾಗಿಯೂ ತೋರದೆ ರಾಜನು ಸುಮ್ಮನಾದಾಗ ಬೇತಾಳನು ಮೆಚ್ಚಿ, ಕಪಟಸಂನ್ಯಾಸಿಯ ವಂಚನೆಯನ್ನು ತಿಳಿಸಿ ಅವನ ಪ್ರಾಣವನ್ನು ಕಾಯುತ್ತಾನೆ. ರಾಜನನ್ನು ಬಲಿಕೊಡಲು ಹವಣಿಸಿದವನು ಮನುಷ್ಯ, ಉಳಿಸಿದವನು ಬೇತಾಳ. ಅಮರಸಿಂಹನು ದೇವಯೋನಿಗಳನ್ನು ಎಣಿಸುವಾಗ ಪಿಶಾಚ, ಗುಹ್ಯಕ, ಭೂತಗಳನ್ನು ಹೇಳಿ ವೇತಾಲನನ್ನು ಹೇಳದಿರುವುದೂ ಗಮನಾರ್ಹ. ಹರ್ಷಚರಿತದ ಮೂರನೆಯ ಉಚ್ಛ್ವಾಸದಲ್ಲಿ ಹರ್ಷನ ಪೂರ್ವಜನಾದ ಪುಷ್ಪಭೂತಿಯು ಭೈರವಾಚಾರ್ಯನ ಶ್ಮಶಾನಸಾಧನೆಗೆ ಖಡ್ಗಪಾಣಿಯಾಗಿ ನೆರವಾಗುತ್ತಾನೆ. ಅಲ್ಲಿಯೂ ವೇತಾಲನು ಸಾಧ್ಯನೇ ಹೊರತು ಶತ್ರುವಲ್ಲ. ‘ವ’ಕಾರವು ‘ಬ’ಕಾರವಾಗಿ ವನವು ಬನವಾದಂತೆ, ವೀರನು ಬೀರನಾದಂತೆ, ವೇತಾಲನು ಕನ್ನಡದಲ್ಲಿ ಬೇತಾಳನಾದನು. ಕಲ್ಲಿನಲ್ಲಿ ಅವನನ್ನು ನೋಡಬೇಕಾದವರು ಹಾಸನದ ಬಳಿ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯದಲ್ಲಿ ಕಾಳಿಯ ಗುಡಿಯ ಬಾಗಿಲಿನ ಇಕ್ಕೆಲಗಳಲ್ಲಿ ನೋಡಬಹುದು. ಎಲುಬಿನ ಗೂಡಾದ ಆ ಬೇತಾಳರು ಅಲ್ಲಿ ದೇವಿಯ ಕಾವಲಿನವರು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನಾಥಪರಂಪರೆಯವರ ಕಾಲಭೈರವನು ಇಂದಿಗೂ ಪೂಜೆಗೊಳ್ಳುತ್ತಿದ್ದಾನೆ. ಇಂತಹ ಭೈರವನ ಪರಿವಾರಕ್ಕೆ ಸೇರಿದ ಬೇತಾಳನಿಗೆ ಯೂರೋಪಿನ ರಕ್ತಪಾಯಿಯ ಹೆಸರನ್ನು ಅಂಟಿಸುವುದು ಅನ್ಯಾಯವೇ ಸರಿ.

ಈ ಕ್ರೀಡೆಯ ಹದಿಮೂರು ಕುಲಗಳಲ್ಲಿ ಒಂದಾದ ‘ರಾವ್ನೋಸ್’ ಕುಲಕ್ಕೆ ಭಾರತಮೂಲವನ್ನು ಹೇಳಿ, ಇಂದ್ರಜಾಲವನ್ನು ಅವರ ವಿದ್ಯೆಯನ್ನಾಗಿ ಮಾಡಿದ್ದಾರೆ. ಮೊದಲಿನ ಪುಸ್ತಕಗಳು ಈ ಕುಲವನ್ನು ಅಲೆಮಾರಿಗಳಾದ ರೋಮಾ ಜನರೊಡನೆ ಬೆರೆಸಿ, ಕಳ್ಳರೆಂದು ಚಿತ್ರಿಸಿದ್ದು ಅವಿವೇಕ. ಸೋಮದೇವನ ಬೇತಾಳನನ್ನು ಓದಿದ್ದವರು ಭಾರತಕ್ಕೆ ಇಷ್ಟು ಬಡವಾದ ಪಾಲನ್ನು ಕೊಡುತ್ತಿರಲಿಲ್ಲ.

ಈಗ ಮುಖ್ಯವಾದ ಪ್ರಶ್ನೆಗೆ ಬರಬೇಕು. ಭರತಮುನಿಯು ಭಯಾನಕಕ್ಕೆ ಕಾಲನನ್ನೂ ಬೀಭತ್ಸಕ್ಕೆ ಮಹಾಕಾಲನನ್ನೂ ಅಧಿದೇವತೆಗಳನ್ನಾಗಿ ಹೇಳಿ, ಇವೆರಡೂ ಆಸ್ವಾದ್ಯವಾದ ರಸಗಳೆಂದೇ ಒಪ್ಪಿದನು. ಆದರೆ ಆಸ್ವಾದಿಸುವವನು ಯಾರು? ಅಭಿನವಗುಪ್ತಪಾದರ ಉತ್ತರವು ಪ್ರಸಿದ್ಧ: ನಟನಲ್ಲಿ ರಸವಿಲ್ಲ, ಆದುದರಿಂದಲೇ ಅವನನ್ನು ಪಾತ್ರವೆನ್ನುತ್ತಾರೆ, ಪಾತ್ರೆಯು ಮದ್ಯವನ್ನು ಸವಿಯುವುದಿಲ್ಲ, ಸವಿಯುವವನು ಸಹೃದಯ. ಈ ವಿಭಾಗವೇ ನಾಟಕದ ಪ್ರೇಕ್ಷಕನಿಗೆ ಅಭಯವಾಗಿರುವುದು. ಶ್ರೀರಂಗಪಟ್ಟಣದಲ್ಲಿ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ, ೧೭ನೆಯ ಶತಮಾನದ ಕೊನೆಯ ಭಾಗದಲ್ಲಿ, ಸಿಂಗರಾರ್ಯನು ಹರ್ಷನ ರತ್ನಾವಳಿಯನ್ನು ಆಧರಿಸಿ ಮಿತ್ರವಿಂದಾಗೋವಿಂದವನ್ನು ರಚಿಸಿದನು. ಕನ್ನಡದಲ್ಲಿ ಉಪಲಬ್ಧವಾಗಿರುವ ನಾಟಕಗಳಲ್ಲಿ ಇದೇ ಮೊದಲನೆಯದು. ಅಲ್ಲಿ ಕವಿಯೊಬ್ಬ, ನಟನೊಬ್ಬ, ಎದುರಿಗೆ ಕುಳಿತ ಪ್ರಭುವೊಬ್ಬ. ಚದುರಂಗದ ಉಲ್ಲೇಖ, ವೇತಾಲಸಾಧನೆಯ ವರ್ಣನೆ, ಈ ನಾಟಕದ ಮೂಲ ಮೂರೂ ಹರ್ಷನ ಆಸ್ಥಾನಕ್ಕೇ ಸಂಬಂಧಪಟ್ಟಿರುವುದು ಕಾಕತಾಳೀಯವಾದರೂ ಸೊಗಸಾಗಿದೆ.

ಪ್ರಕೃತ ಕ್ರೀಡೆಯಲ್ಲಾದರೋ ಪ್ರೇಕ್ಷಕನೇ ಇಲ್ಲ. ಮಾತನ್ನು ಕಟ್ಟುವವನೂ ಆಡುವವನೂ ಕೇಳಿ ಸವಿಯುವವನೂ ಒಬ್ಬನೇ. ಅಭಿನವಗುಪ್ತರ ದೃಷ್ಟಾಂತದಲ್ಲೇ ಹೇಳುವುದಾದರೆ ಇಲ್ಲಿ ಪಾತ್ರೆಯೇ ಕುಡಿಯುತ್ತದೆ. ಹೀಗಿರಲಾಗಿ, ರಾಕ್ಷಸನ ಪಾತ್ರವನ್ನು ವಹಿಸಿದವನನ್ನು ಆ ಪಾತ್ರದಿಂದ ಕಾಪಾಡುವುದು ಯಾವುದು? ಮನುಷ್ಯತ್ವದ ಅಳತೆಯನ್ನು ಕ್ರೀಡೆಯ ನಿರ್ಮಾತೃಗಳು ಇಟ್ಟುದು ಈ ಸ್ಥಳದಲ್ಲಿಯೇ. ರಂಗಕ್ಕೂ ಸಭೆಗೂ ನಡುವೆ ಇದ್ದ ಅಂತರವನ್ನು ಅವರು ಪಾತ್ರದ ಒಳಕ್ಕೇ ತಂದು, ಅದಕ್ಕೆ ಅಂಕಿಯನ್ನು ಹಚ್ಚಿದ್ದಾರೆ.

ಇದಕ್ಕೆ ಸಮಾನವಾದುದನ್ನು ನಾಟಕಶಾಲೆಯಲ್ಲಿ ಹುಡುಕುವುದು ವ್ಯರ್ಥ. ಗ್ರಾಮದೇವತೆಯ ಗುಡಿಯ ಮುಂದೆ ಹುಡುಕಬೇಕು. ಮಂಡ್ಯ, ಹಾಸನ, ತುಮಕೂರು ಸೀಮೆಗಳಲ್ಲಿ ನಡೆಯುವ ಸೋಮನ ಕುಣಿತದಲ್ಲಿ ಮರದಿಂದ ಕೆತ್ತಿದ ದೊಡ್ಡ ಮೊಗವಾಡವನ್ನು ಧರಿಸಿ, ಕೈಯಲ್ಲಿ ಬೆತ್ತವನ್ನು ಹಿಡಿದು, ಅರೆಯ ಬಡಿತಕ್ಕೆ ಕುಣಿಯುತ್ತಾರೆ. ಮೊಗವಾಡದ ಬಣ್ಣದಿಂದ ಸೋಮನ ಗುರುತು: ಕೆಂಪಿನವನು ಬೇರೆ, ಹಳದಿಯವನು ಬೇರೆ, ಕರಿಯವನು ಬೇರೆ. ಬಿಟ್ಟ ಕಣ್ಣುಗಳೂ ಹೊರಚಾಚಿದ ಹಲ್ಲುಗಳೂ ಮಕ್ಕಳನ್ನು ಅಂಜಿಸುವುವು. ಆದರೆ ಈ ಉಗ್ರಮೂರ್ತಿಗಳು ಅಮ್ಮನ ಸೇವಕರು, ಊರಿನ ಕಾವಲುಗಾರರು. ಪೂಜೆಯಾಗದೆ ಮೊಗವಾಡವು ಮುಖಕ್ಕೆ ಏರುವುದಿಲ್ಲ. ಸುತ್ತ ನೆರೆದವರು ಟೀಕೆ ಮಾಡುವ ಸಭಾಸದರಲ್ಲ. ಹರಕೆ ಹೊತ್ತವರು, ಕಾಣಿಕೆ ಇಡುವವರು, ಸೋಮನು ಎದುರಾದರೆ ಕೈಮುಗಿಯುವವರು. ಎಲ್ಲರೂ ಆ ಕ್ರಿಯೆಯ ಒಳಗಿನವರೇ. ಆಟಗಾರನನ್ನು ಕಾಪಾಡುವುದು ಇಲ್ಲಿ ಅಂಕಿಯಲ್ಲ, ದೇವತೆಯ ಆಜ್ಞೆ. ಅವಳ ಮುಂದೆ ಹಾಕಿದ ವೇಷವನ್ನು ಅವಳ ಮುಂದೆಯೇ ಇಳಿಸಬೇಕು. ಅಮೆರಿಕದ ಮೇಜಿನ ಮೇಲೆ ಯಾವ ದೇವತೆಯೂ ಇಲ್ಲದ್ದರಿಂದ ದಾಳವು ಆ ಕೆಲಸವನ್ನು ಮಾಡಬೇಕಾಗಿ ಬಂದಿದೆ.

ಆ ಕ್ರೀಡೆಯಲ್ಲಿ ‘ರಕ್ತಬಂಧ’ವೆಂಬ ಇನ್ನೊಂದು ನಿಯಮವುಂಟು: ಒಬ್ಬ ರಕ್ತಪಾಯಿಯ ನೆತ್ತರನ್ನು ಮೂರು ಇರುಳು ಕುಡಿದವನು ಅವನಿಗೆ ಮನಸಾ ದಾಸನಾಗುತ್ತಾನೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ೧೩ನೆಯ ಶತಮಾನದ ಕಂಬಗಳು ನಿಂತಿವೆ. ಅವು ಹೊಯ್ಸಳ ದೊರೆಗಳಿಗೆ ಗರುಡರಾಗಿದ್ದ ಮನೆತನದವರವು. ಗರುಡರೆಂದರೆ ಒಡೆಯನು ಅಳಿದಾಗ ತಾವೂ ಅಳಿಯುವೆವೆಂದು ವಚನವಿತ್ತವರು; ತಲೆಮಾರುಗಳ ಕಾಲ ಆ ವಚನವನ್ನು ನಡೆಸಿದರೆಂದು ಶಾಸನವು ಹೇಳುತ್ತದೆ. ಹಳೇಬೀಡಿನ ಕುವರಲಕ್ಷ್ಮನ ವೃತ್ತಾಂತವೂ ಇದೇ ಬಗೆಯದು. ಇಲ್ಲಿ ನೆತ್ತರು ಬಂಧನದ ಕಾರಣವಲ್ಲ, ಅದರ ಫಲ, ಕಟ್ಟಿದುದು ಮಾತು. ಈ ಸ್ವಾಮಿಭಕ್ತಿಯನ್ನು ಹೊಗಳುವುದು ಸುಲಭ. ಆದರೆ ಗರುಡನೊಡನೆ ಅವನ ಹೆಂಡಂದಿರೂ ಸತ್ತರೆಂಬುದನ್ನು ಓದುವಾಗ ಯಾರು ಯಾರ ರಕ್ತವನ್ನು ಕುಡಿದರೆಂಬ ಸಂಶಯವು ಬಾರದಿರದು.

ಕಲ್ಪಿತವಾದ ಹಿಂಸೆಗೆ ಪಾಪವುಂಟೇ ಎಂಬ ಪ್ರಶ್ನೆಯು ಹೊಯ್ಸಳರ ಕಾಲದಲ್ಲಿಯೇ ಕಾವ್ಯದ ವಸ್ತುವಾಗಿತ್ತು. ವೀರಬಲ್ಲಾಳನ ಆಸ್ಥಾನಕವಿಯಾದ ಜನ್ನನು ೧೨೦೯ರಲ್ಲಿ ಮುಗಿಸಿದ ಯಶೋಧರಚರಿತೆಯಲ್ಲಿ ದೊರೆಯು ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯೊಂದನ್ನು ಬಲಿಕೊಡುತ್ತಾನೆ. ಸತ್ತುದು ಹಿಟ್ಟು. ಆದರೂ ಆ ಸಂಕಲ್ಪಮಾತ್ರದಿಂದ ತಾಯಿಮಕ್ಕಳು ಮೃಗಪಕ್ಷಿಗಳ ಜನ್ಮಗಳಲ್ಲಿ ತೊಳಲಿ, ಮತ್ತೆಮತ್ತೆ ಕೊಲೆಗೆ ಈಡಾಗುತ್ತಾರೆ. ಜನ್ನನು ಈ ಅಮೆರಿಕದ ಆಟವನ್ನು ಕಂಡಿದ್ದರೆ ಒಪ್ಪುತ್ತಿರಲಿಲ್ಲವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದರ ಅಳತೆಗೋಲನ್ನು ಕೂಡಲೇ ಗುರುತಿಸುತ್ತಿದ್ದನು. ಅವನ ಕಾವ್ಯದಲ್ಲಿಯೂ ಮನುಷ್ಯನು ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು ಮೃಗತ್ವಕ್ಕೇ. ಒಂದು ಭೇದವಿದೆ: ಜನ್ನನಲ್ಲಿ ಆಟಕ್ಕೆಂದು ಮಾಡಿದುದೂ ಮಾಡಿದ್ದೇ, ಅಲ್ಲಿಯಾದರೋ ಇಳಿಯುವುದು ಪಾತ್ರ, ಆಟಗಾರನು ಏಳುವಾಗ ಇಡಿಯಾಗಿಯೇ ಏಳುತ್ತಾನೆ. ಇವೆರಡರಲ್ಲಿ ಯಾವುದು ಸತ್ಯಕ್ಕೆ ಹತ್ತಿರವೆಂಬುದರಲ್ಲಿ ಜೈನರೂ ಆಲಂಕಾರಿಕರೂ ಎಂದೂ ಒಂದಾಗಲಾರರು.

ಸಾವಿಲ್ಲದಿರುವುದು ವರವಲ್ಲ, ಶಾಪ ಎಂಬುದು ಈ ಕ್ರೀಡೆಯ ಒಳತಿರುಳು. ಪಾಂಡವಪುರದ ಕುಂತಿಬೆಟ್ಟದಲ್ಲಿ ಪಾಂಡವರು ತಾಯಿಯೊಡನೆ ಇದ್ದರೆಂದು ಜನರು ನಂಬುತ್ತಾರೆ. ಹಿರೋಡೆಯೆಂದು ಹೆಸರಿದ್ದ, ಪರಂಗಿ ದಂಡಿನಿಂದ ಫ್ರೆಂಚ್ ರಾಕ್ಸ್ ಎನಿಸಿದ ಊರು ಈ ನಂಬಿಕೆಗೆ ತಕ್ಕ ಹೆಸರನ್ನೇ ಕಡೆಗೆ ಪಡೆಯಿತು. ಆ ಪಾಂಡವರ ಮಕ್ಕಳನ್ನು ಇರುಳಿನಲ್ಲಿ ಕೊಂದವನು ಅಶ್ವತ್ಥಾಮ. ಸೌಪ್ತಿಕಪರ್ವದಲ್ಲಿ ಅವನು ವೇಷ ಹಾಕಿದವನಲ್ಲ. ರುದ್ರನೇ ಅವನ ಮೈಯನ್ನು ಹೊಕ್ಕನೆಂದು ವ್ಯಾಸರು ಹೇಳುತ್ತಾರೆ. ಕೊನೆಗೆ ಕೃಷ್ಣನ ಶಾಪದಿಂದ ಅವನು ಕೀವು ನೆತ್ತರುಗಳ ನಾತದೊಡನೆ, ಜೊತೆಯಿಲ್ಲದೆ, ಮೂರು ಸಾವಿರ ವರ್ಷ ಅಲೆಯಬೇಕಾಯಿತು. ಭಾರತೀಯ ಸಾಹಿತ್ಯದಲ್ಲಿ ಅಮೆರಿಕದ ರಕ್ತಪಾಯಿಗೆ ಹತ್ತಿರದವನು ಯಾರೆಂದು ಕೇಳಿದರೆ ಹೇಳಬೇಕಾದುದು ಬೇತಾಳನ ಹೆಸರನ್ನಲ್ಲ, ಇವನ ಹೆಸರನ್ನು.

ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನದವರಾದ ಬಿ. ಎಂ. ಶ್ರೀಕಂಠಯ್ಯನವರು ೧೯೨೯ರಲ್ಲಿ ಪ್ರಕಟವಾದ ‘ಅಶ್ವತ್ಥಾಮನ್’ ನಾಟಕದಲ್ಲಿ, ಗ್ರೀಕ್ ಕವಿ ಸಾಫೊಕ್ಲೀಸನ ‘ಅಯಾಸ್’ ನಾಟಕದ ಜಾಡನ್ನು ಹಿಡಿದು, ಈ ಚಿರಂಜೀವಿಯನ್ನು ಸಾಯಿಸಿದರು. ಚಿರಂಜೀವಿಗೆ ಮರಣವೇ ಎಂದು ಸಂಪ್ರದಾಯಸ್ಥರು ಆಕ್ಷೇಪಿಸಿದುದು ಸಹಜ. ಆದರೆ ತನ್ನ ಕೃತ್ಯವನ್ನು ತಾನೇ ಕಂಡು ನಾಚಿದವನಿಗೆ ಸಾವು ದೊರೆಯಬಾರದೆನ್ನುವುದು ಕ್ರೌರ್ಯವೆಂದು ಆ ಕವಿಗೆ ತೋರಿರಬೇಕು. ಕ್ರೀಡೆಯ ನಿರ್ಮಾತೃಗಳು ಈ ದಾರಿಯನ್ನು ಹಿಡಿಯಲಿಲ್ಲ. ಅವರ ರಕ್ತಪಾಯಿಗೆ ನಾಚಿಕೆಯು ಮುಗಿದ ಮೇಲೆಯೂ ಹಸಿವು ಉಳಿಯುತ್ತದೆ. ೨೦೧೧ರ ಸಂಪುಟದಲ್ಲಿ ಆ ಹಸಿವನ್ನು ಮೈಯಲ್ಲಿ ಉಳಿದಿರುವ ನೆತ್ತರಿನ ಲೆಕ್ಕದಿಂದ ತಿಳಿಯುತ್ತಿದ್ದರು. ೨೦೧೮ರಲ್ಲಿ ಹೊರಬಂದ ಐದನೆಯ ಆವೃತ್ತಿಯಲ್ಲಿ ಆ ಲೆಕ್ಕವನ್ನು ತೆಗೆದುಹಾಕಿ, ಹಸಿವಿಗೆಂದೇ ಬೇರೆ ದಾಳಗಳನ್ನು ಏರ್ಪಡಿಸಿದ್ದಾರೆ. ಮನುಷ್ಯತ್ವದ ಹತ್ತು ಮೆಟ್ಟಿಲುಗಳನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿದ್ದಾರೆ.